ಐಸ್‌ಕ್ರೀಂ ಲಾರಿಯ ಹಣೆಗೆ ಚೆಂಡುಹೂವಿನ ಹಾರ

ಕರಗಿದ ಐಸ್‌ಕ್ರೀಮನ್ನು ಮತ್ತೆ ಫ್ರಿಜ್ಜಿನಲ್ಲಿಟ್ಟರೆ ಆಯಿತಲ್ಲ, ಅದಕ್ಕೇಕೆ ಇಷ್ಟು ರಂಪ ಎಂದು ನನ್ನನ್ನು ಕೇಳದವರು ನಮ್ಮ ಬಳಗದಲ್ಲಿ ಯಾರೂ ಉಳಿದಿಲ್ಲ. ನನ್ನ ಅಮ್ಮನೇ ಕೇಳಿದ್ದಾಳೆ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮಿನಲ್ಲಿ ಗಾಳಿ ಹೊರಟುಹೋಗಿ ನೀರೆಲ್ಲ ಹರಳುಗಟ್ಟುತ್ತದೆ, ತಿಂದರೆ ನಾಲಿಗೆಗೆ ಮರಳು ಸಿಕ್ಕ ಹಾಗಾಗುತ್ತದೆ. ಹೊಟ್ಟೆಗೆ ಏನಾಗುತ್ತದೆ ಎಂಬುದನ್ನು ನಾನು ಊಟದ ಹೊತ್ತಿನಲ್ಲಿ ಹೇಳುವುದಿಲ್ಲ. ಅದು ಕರಗದಂತೆ ಕಾಯುವುದೇ ನನ್ನ ಮೊದಲ ನೌಕರಿಯಾಗಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಬನ್ನಿಮಂಟಪದ ಕಡೆ ಒಂದು ಸಣ್ಣ ಐಸ್‌ಕ್ರೀಂ ಕಾರ್ಖಾನೆ. ಅಲ್ಲಿಯವರೆಗೆ ಅವರ ಮಾಲು ಥರ್ಮೊಕೋಲ್ ಡಬ್ಬಿಗಳಲ್ಲಿ, ಐಸು ಮತ್ತು ಉಪ್ಪಿನ ನಡುವೆ, ಆಟೋ ಹತ್ತಿ ಊರೊಳಗಿನ ಅಂಗಡಿಗಳಿಗೆ ಹೋಗುತ್ತಿತ್ತು. ಊರಾಚೆಗೂ ವ್ಯಾಪಾರ ಬೆಳೆಸಬೇಕೆಂದು ಯಜಮಾನರು ತಣ್ಣನೆ ಪೆಟ್ಟಿಗೆಯ ಲಾರಿಯೊಂದನ್ನು ಕೊಂಡರು. ಲಾರಿಯ ಜೊತೆಗೆ ಅದರ ಉಷ್ಣಾಂಶ ನೋಡಿಕೊಳ್ಳಲು ಆಹಾರ ವಿಜ್ಞಾನ ಓದಿದ ನನ್ನನ್ನೂ, ಲಾರಿ ಓಡಿಸಲು ಮಂಡಕಳ್ಳಿ ಪಕ್ಕದ ಹಳ್ಳಿಯ ಒಬ್ಬ ಡ್ರೈವರನ್ನೂ ಕೆಲಸಕ್ಕೆ ತೆಗೆದುಕೊಂಡರು. ಲಾರಿ ಇದ್ದರೆ ನಾವು, ಇಲ್ಲದಿದ್ದರೆ ಇಲ್ಲ.

ಲಾರಿ ಸೆಕೆಂಡ್ ಹ್ಯಾಂಡು. ಮೊದಲು ಕರಾವಳಿಯ ಒಬ್ಬ ಮೀನು ವ್ಯಾಪಾರಿಯದಾಗಿತ್ತು. ಯಜಮಾನರು ಹಣೆ ತುಂಬ ವಿಭೂತಿ ಇಡುವವರು, ಮನೆಯಲ್ಲಿ ಈರುಳ್ಳಿ ಬಿಟ್ಟರೆ ಬೇರೆ ವಾಸನೆ ಗೊತ್ತಿಲ್ಲದವರು. ಗಾಡಿ ಎಲ್ಲಿಂದ ಬಂತೆಂದು ತಮ್ಮ ತಾಯಿಗೆ ಹೇಳುವ ಧೈರ್ಯ ಅವರಿಗಿರಲಿಲ್ಲ. ನಾನು ಮೊದಲು ಮಾಡಿದ ಕೆಲಸವೆಂದರೆ ಆ ಪೆಟ್ಟಿಗೆಯ ಗೋಡೆಗಳನ್ನು ಸೋಡಾಪುಡಿ ಹಾಕಿ ತಿಕ್ಕಿಸಿ, ಬಿಸಿಲಿಗೆ ಬಾಗಿಲು ತೆರೆಸಿಟ್ಟು, ಮತ್ತೆ ತಿಕ್ಕಿಸಿದ್ದು. ಐಸ್‌ಕ್ರೀಂ ಪಕ್ಕದಲ್ಲಿ ಏನಿದ್ದರೂ ಅದರ ವಾಸನೆ ಹೀರಿಕೊಳ್ಳುತ್ತದೆ. ಬಂಗುಡೆಯ ಘಮಲಿನ ವೆನಿಲಾ ಯಾರಿಗೂ ಬೇಡ. ಡ್ರೈವರ್ ಒಳಗೆ ಊದುಬತ್ತಿ ಹಚ್ಚಲು ಹೋದಾಗ ಅದನ್ನೂ ಕಿತ್ತುಕೊಂಡೆ. ಅಂದಿನಿಂದ ಅವನಿಗೆ ನನ್ನ ಮೇಲೆ ಸಣ್ಣದೊಂದು ಅನುಮಾನ.

ಮೊದಲ ದೊಡ್ಡ ಲೋಡು ವಿಜಯದಶಮಿಯ ದಿನಕ್ಕೇ ಗೊತ್ತಾಯಿತು. ನಂಜನಗೂಡು ರಸ್ತೆಯಲ್ಲಿ, ಮಂಡಕಳ್ಳಿ ದಾಟಿ ಹೋದರೆ ಸಿಗುವ ಒಂದು ದೊಡ್ಡ ಹೋಟೆಲು. ದಸರಾ ಜನಕ್ಕೆಂದು ಬಾದಾಮಿ, ಮಾವು, ವೆನಿಲಾ ಎಲ್ಲ ಕೇಳಿದ್ದರು. ಮಾಲು ಸರಿ ಬಂದರೆ ವರ್ಷವಿಡೀ ನಿಮ್ಮದೇ ಎಂದಿದ್ದರು. ಆದರೆ ಅಲ್ಲಿನ ಉಗ್ರಾಣದ ಅಧಿಕಾರಿ ತನ್ನ ಥರ್ಮಾಮೀಟರು ಚುಚ್ಚಿ ನೋಡುವವನು. ಮೈನಸ್ ಹದಿನೈದಕ್ಕಿಂತ ಬೆಚ್ಚಗಿದ್ದರೆ ಲಾರಿ ಬಂದ ದಾರಿಯಲ್ಲೇ ಹಿಂದಕ್ಕೆ.

ಇತ್ತ ಆ ಮೀನು ವ್ಯಾಪಾರಿಗೆ ಗಾಡಿ ಮಾರಿದ್ದಕ್ಕೆ ಪಶ್ಚಾತ್ತಾಪವಾಗಿತ್ತು. ವಾಪಸ್ ಕೊಡಿ ಎಂದು ದಿನಾ ಫೋನು ಮಾಡುತ್ತಿದ್ದ. ಯಜಮಾನರು ನಮ್ಮಿಬ್ಬರನ್ನೂ ಆಫೀಸಿಗೆ ಕರೆದು ಮೆಲ್ಲಗೆ ಹೇಳಿದರು. “ನೋಡ್ರಪ್ಪ, ಈ ಲೋಡು ವಾಪಸ್ ಬಂದ್ರೆ ಗಾಡೀನೂ ವಾಪಸ್ ಕಳಿಸೋದೇ. ನನ್ ಕೈಲಿ ಇನ್ನು ಆಗಲ್ಲ.” ಡ್ರೈವರ್ ಚೆನ್ನಾಗಿದ್ದ ಟೆಂಪೊ ಕೆಲಸ ಬಿಟ್ಟು ಈ ಲಾರಿಗೆ ಬಂದಿದ್ದ.

ಆದರೂ ನನಗೆ ನನ್ನ ವಿದ್ಯೆಯ ಮೇಲೆ ನಂಬಿಕೆ. ಲೋಡು ಮಾಡುವವರನ್ನು ಸಾಲಾಗಿ ನಿಲ್ಲಿಸಿ ಪಾಠ ಮಾಡಿದೆ. ಈ ಲಾರಿ ಬೆಚ್ಚಗಿದ್ದದ್ದನ್ನು ತಣ್ಣಗೆ ಮಾಡುವುದಿಲ್ಲ, ತಣ್ಣಗಿದ್ದದ್ದನ್ನು ತಣ್ಣಗೆ ಇಡುತ್ತದೆ, ಅಷ್ಟೇ. ಆದ್ದರಿಂದ ಮಾಲು ಹತ್ತಿಸುವ ಮೊದಲೇ ಖಾಲಿ ಪೆಟ್ಟಿಗೆ ತಣ್ಣಗಾಗಿರಬೇಕು. ಡಬ್ಬಿಗಳನ್ನು ಗೋಡೆಗೆ ಒತ್ತಿ ಇಡಬಾರದು, ಕೆಂಪು ಗೆರೆಗಿಂತ ಮೇಲೆ ಪೇರಿಸಬಾರದು, ಗಾಳಿ ಸುತ್ತಾಡಲು ಜಾಗ ಬೇಕು. ಬಾಗಿಲು ತೆರೆದಿಟ್ಟು ಬೀಡಿ ಸೇದಲು ಹೋಗಬಾರದು. ಅವರೆಲ್ಲ ಅಕ್ಕಿ ಮೂಟೆ ಹೊತ್ತು ಬಂದವರು. ಇಷ್ಟೊಂದು ಜಾಗ ಗಾಳಿಗೆ ಬಿಟ್ಟರೆ ಯಜಮಾನರಿಗೆ ನಷ್ಟವಲ್ಲವೇ ಎಂದು ನನ್ನನ್ನೇ ವಿಚಾರಿಸಿಕೊಂಡರು.

ಆಮೇಲೆ ಆಯುಧಪೂಜೆ ಬಂತು.

ಪೂಜೆ ಯಜಮಾನರ ತಾಯಿಯದು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಅಮ್ಮನವರು ಎನ್ನುತ್ತಿದ್ದರು. ಎಂಬತ್ತರ ಹತ್ತಿರದ ಜೀವ, ಇಳಕಲ್ ಸೀರೆ, ಮಾತು ಕಡಿಮೆ, ಕಣ್ಣು ಚುರುಕು. ಹಾಲು ಕಾಯಿಸುವ ಪಾತ್ರೆಯಿಂದ ಹಿಡಿದು ಬೆರಳಚ್ಚು ಯಂತ್ರದವರೆಗೆ ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಕೊನೆಗೆ ಅಂಗಳದಲ್ಲಿ ನಿಂತ ಲಾರಿಯ ಮುಂದೆ ಬಂದರು. ತಣ್ಣಗೆ ಮಾಡುವ ಯಂತ್ರ ಡ್ರೈವರ್ ಕ್ಯಾಬಿನ್ನಿನ ಮೇಲೆ, ಲಾರಿಯ ಹಣೆಯ ಜಾಗದಲ್ಲಿತ್ತು. ಅದರ ಮುಂಭಾಗಕ್ಕೆ ಒಂದು ಜಾಲರಿ. ಪೆಟ್ಟಿಗೆಯ ಒಳಗಿಂದ ಎಳೆದ ಸೆಕೆಯನ್ನು ಜಾಲರಿಯ ಹಿಂದಿನ ಕಂಡೆನ್ಸರ್ ಎಂಬ ಭಾಗ ಆ ಜಾಲರಿಯಿಂದ ಬರುವ ಗಾಳಿಯಲ್ಲೇ ಹೊರಗೆ ಹಾಕಬೇಕು. ಅಮ್ಮನವರು ಆ ಜಾಲರಿಯನ್ನು ನೋಡಿ, ಹಾರಕ್ಕೆ ಇದಕ್ಕಿಂತ ಪ್ರಶಸ್ತವಾದ ಜಾಗವಿಲ್ಲ ಎಂದು ತೀರ್ಮಾನಿಸಿದರು.

ಹಾರವೆಂದರೆ ನನ್ನ ತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರ. ಅದು ಜಾಲರಿಗೆ ಅಡ್ಡಡ್ಡ ಸುತ್ತಿಕೊಂಡಿತು. ಎರಡೂ ಪಕ್ಕ ಆಳೆತ್ತರದ ಬಾಳೆಕಂದು. ನಾನು ಓಡಿಹೋಗಿ, ಕಂಡೆನ್ಸರಿಗೆ ಗಾಳಿ ಬೇಕು ಅಮ್ಮಾ ಎಂದೆ. “ಎಲ್ಲಿದೆಯಮ್ಮ ಅದು? ತಾಳು, ಅದಕ್ಕೂ ಒಂದು ಹಾರ ಹಾಕ್ಸಣ” ಎಂದು ಇನ್ನೊಂದು ಹಾರ ತರಿಸಿ ಅದರ ಮೇಲೆಯೇ ಹಾಕಿಸಿದರು. ನಾನು ಬಾಯಿ ಮುಚ್ಚಿಕೊಂಡೆ. ಮೂರನೆಯ ಹಾರ ಬುಟ್ಟಿಯಲ್ಲಿ ಸಿದ್ಧವಾಗಿತ್ತು. ಮಂಗಳಾರತಿಯಾದ ಮೇಲೆ ಅಮ್ಮನವರು ಡ್ರೈವರನ್ನು ಕರೆದು, ಕರ್ಪೂರದ ಮೇಲೆ ಅವನ ಕೈ ಇರಿಸಿ, ಈ ಹೂವನ್ನು ಒಣಗಿ ಉದುರುವವರೆಗೆ ಮನುಷ್ಯರ ಕೈ ಮುಟ್ಟಕೂಡದು ಎಂದು ಮಾತು ತೆಗೆದುಕೊಂಡರು. ಯಜಮಾನರು ಕೈಮುಗಿದು ನಿಂತಿದ್ದರು.

ಮರುದಿನ ಬೆಳಗ್ಗೆಯೇ ಹೊರಟಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಹೂವಿನ್ನೂ ಹಸಿ, ಎಸಳುಗಳ ನಡುವೆ ಗಾಳಿಗೆ ಸಂದಿಯಿತ್ತು, ಪೆಟ್ಟಿಗೆಯೊಳಗೆ ಮೈನಸ್ ಇಪ್ಪತ್ತು ನಿಂತಿತ್ತು. ಆದರೆ ರಾಹುಕಾಲ. ಪೂಜೆಯಾದ ಗಾಡಿ ಮೊದಲ ಬಾರಿ ಗೇಟು ದಾಟುವುದು, ರಾಹುಕಾಲ ಮುಗಿಯಲೇಬೇಕು ಎಂದರು. ಮುಗಿಯಿತು. ಮಾಲು ಹತ್ತಿಸಿದೆವು. ಗಟ್ಟಿ ಮಾಡುವ ಕೋಣೆಯಿಂದ ಬಂದ ಡಬ್ಬಿಗಳು ಕಲ್ಲಿನಂತಿದ್ದವು, ಒಂದಕ್ಕೆ ನನ್ನ ಥರ್ಮಾಮೀಟರಿನ ಮೊನೆಯೇ ಇಳಿಯಲಿಲ್ಲ. ನನಗೆ ಬಹಳ ಹೆಮ್ಮೆಯಾಯಿತು. ನಿಂಬೆಹಣ್ಣು ಚಕ್ರದಡಿ ಚಿಟ್ಟೆಂದಿತು, ಹೊರಟೆವು.

ಅಷ್ಟರಲ್ಲಿ ಊರಿನ ಅರ್ಧ ರಸ್ತೆಗಳನ್ನು ಪೊಲೀಸರು ಕಟ್ಟಿ ಹಾಕಿದ್ದರು. ಮೆರವಣಿಗೆಯ ದಾರಿ ಅರಮನೆಯಿಂದ ನೇರ ನಮ್ಮ ಬನ್ನಿಮಂಟಪಕ್ಕೆ. ನಾವು ಬನ್ನಿಮಂಟಪದಿಂದ ಊರಿನ ಇನ್ನೊಂದು ತುದಿಗೆ. ಇಡೀ ಜಿಲ್ಲೆಯ ಜನ ಒಂದು ಕಡೆ ಬರುವಾಗ ಅದಕ್ಕೆ ಎದುರಾಗಿ ಹೋಗುವ ಒಂದೇ ಗಾಡಿ ನಮ್ಮದು. ಪಶ್ಚಿಮದ ಬಡಾವಣೆಗಳನ್ನೆಲ್ಲ ಬಳಸಿಕೊಂಡು, ಹೆಜ್ಜೆಗೊಮ್ಮೆ ನಿಂತು ಸಾಗಿದೆವು. ಬಿಸಿಲು ಚುರುಗುಟ್ಟುತ್ತಿತ್ತು. ಸುಂದರವಾಗಿ ಅಲಂಕರಿಸಿದ್ದೀರಿ ಎಂದು ಒಬ್ಬ ಪೊಲೀಸಪ್ಪ ಕೈಮುಗಿದು ಬೇರೆ ದಾರಿ ತೋರಿಸಿದ.

ಉಷ್ಣಾಂಶ ತೋರಿಸುವ ಸಣ್ಣ ಗಾಜು ಡ್ರೈವರನ ಬಲಗಡೆ, ಬಾಗಿಲ ಪಕ್ಕದಲ್ಲಿತ್ತು. ನಾನು ಕುಳಿತ ಕಡೆಗೆ ಕಾಣಿಸುತ್ತಿರಲಿಲ್ಲ. ಆಗಾಗ ಅವನನ್ನೇ ಕೇಳುತ್ತಿದ್ದೆ.

“ಟೆಂಪರೇಚರ್ ಹೇಗಿದೆಯಪ್ಪ?”

“ಕಮ್ಮಿ ಆಯ್ತಾ ಐತೆ ಮೇಡಂ.”

“ಒಳ್ಳೇದು.”

ಇನ್ನಷ್ಟು ದೂರ ಹೋದ ಮೇಲೆ ಮತ್ತೆ ಕೇಳಿದೆ. ಇನ್ನೂ ಕಮ್ಮಿಯಾಯಿತು ಎಂದ. ಬಹಳ ಒಳ್ಳೆಯದು ಎಂದು ಸೀಟಿಗೊರಗಿ ಕುಳಿತೆ. ಇಷ್ಟು ಬಿಸಿಲಿನಲ್ಲೂ ಒಳಗೆ ತಂಪು ಏರುತ್ತಿದೆಯಲ್ಲ, ನನ್ನ ಗಾಳಿಯ ಸಂದಿಗಳ ಮಹಿಮೆ ಎಂದುಕೊಂಡೆ. ವಿದ್ಯಾರಣ್ಯಪುರಂ ಹತ್ತಿರ ಬರುವಾಗ ಅವನೇ ಖುಷಿಯಾಗಿ ವರದಿ ಒಪ್ಪಿಸಿದ.

“ಬೆಳಿಗ್ಗೆ ಇಪ್ಪತ್ತಿತ್ತು ಮೇಡಂ. ಈಗ ಒಂಬತ್ತಕ್ಕೆ ಇಳಿದುಬುಟ್ಟದೆ.”

ನಾನು ಅವನ ತೊಡೆಯ ಮೇಲಿನಿಂದಲೇ ಬಗ್ಗಿ ಗಾಜು ನೋಡಿದೆ. ಮೈನಸ್ ಒಂಬತ್ತು. ಕಿರುಚಿದೆನಂತೆ, ನನಗೆ ನೆನಪಿಲ್ಲ. ಅವನು ಬೆದರಿ ಲಾರಿಯನ್ನು ಬದಿಗೆ ತಂದು ನಿಲ್ಲಿಸಿ, ಇಪ್ಪತ್ತರಿಂದ ಒಂಬತ್ತಕ್ಕೆ ಬಂದರೆ ಕಮ್ಮಿಯಲ್ಲದೆ ಇನ್ನೇನು ಎಂದು ನ್ಯಾಯ ಕೇಳಿದ. ಅಂಕಿಯ ಮುಂದಿನ ಆ ಗೆರೆ ಅವನ ಪಾಲಿಗೆ ಬರೀ ಗೆರೆ, ಯಾರೋ ಗಾಜಿಗೆ ಗೀಚಿದ್ದು. ನಾನು ಕಮ್ಮಿ ಎಂದರೆ ತಂಪು ಎಂದು ಕೇಳಿಸಿಕೊಂಡಿದ್ದೆ, ಅವನು ಕಮ್ಮಿ ಎಂದರೆ ಅಂಕಿ ಎಂದು ಹೇಳುತ್ತಿದ್ದ. ಇಬ್ಬರೂ ಒಂದೇ ಕನ್ನಡ ಮಾತಾಡಿಕೊಂಡು ಇಡೀ ಊರು ಸುತ್ತಿ ಬಂದಿದ್ದೆವು.

ಇಳಿದು ನೋಡಿದರೆ ಯಂತ್ರ ಸದ್ದಿಲ್ಲದೆ ನಿಂತಿತ್ತು. ಕೆಂಪು ದೀಪ ಉರಿಯುತ್ತಿತ್ತು. ಬಿಸಿಲಿಗೆ ಬಾಡಿದ ಚೆಂಡುಹೂವಿನ ಎಸಳುಗಳನ್ನು ಫ್ಯಾನು ಎಳೆದು ಎಳೆದು ಜಾಲರಿಗೆ ರೊಟ್ಟಿ ತಟ್ಟಿದ ಹಾಗೆ ತಟ್ಟಿಕೊಂಡಿತ್ತು. ಸೆಕೆ ಹೊರಗೆ ಹೋಗಲು ದಾರಿಯಿಲ್ಲದೆ ಒಳಗಿನ ಒತ್ತಡ ಏರಿ, ಕೆಟ್ಟುಹೋಗುವ ಮೊದಲು ತಾನಾಗಿಯೇ ಆಫ್ ಆಗಿತ್ತು. ಹೂವು ತೆಗೆದರೆ ಎಲ್ಲ ಸರಿಹೋಗುತ್ತದೆ. ನಾನು ಸೆರಗು ಸಿಕ್ಕಿಸಿ ಬಂಪರಿನ ಮೇಲೆ ಕಾಲಿಟ್ಟೆ. ಡ್ರೈವರ್ ಬಂದು ಅಡ್ಡ ನಿಂತ.

“ಕೈ ಮುಗೀತೀನಿ ಮೇಡಂ, ಮುಟ್ಬ್ಯಾಡಿ. ಕರ್ಪೂರ ಮುಟ್ಟಿ ಮಾತು ಕೊಟ್ಟಿವ್ನಿ. ಮೊದಲ್ನೇ ಟ್ರಿಪ್ಪಲ್ಲೇ ಮಾತು ಮುರಿದ್ರೆ ನಾಳೆ ಘಾಟಿ ಇಳಿಸೋವಾಗ ನನ್ ಕೈ ನಡುಗ್ತದೆ.”

ಮಾತು ಕೊಟ್ಟವನು ನೀನು, ನಾನಲ್ಲ ಎಂದೆ. ಮನುಷ್ಯರ ಕೈ ಎಂದರೆ ನಿಮ್ಮ ಕೈಯೂ ಸೇರಿತು ಎಂದ. ಅವನ ಕಣ್ಣಿನಲ್ಲಿ ನೀರಿತ್ತು. ಬೈಯಬೇಕೆಂದು ಬಾಯಿ ತೆರೆದವಳು ಬೈಯಲಾರದೆ ಹೋದೆ. ಆ ಸ್ಟೇರಿಂಗು ಹಿಡಿಯುವವನು ಅವನು, ಅವನ ಧೈರ್ಯ ನನ್ನ ಕಂಡೆನ್ಸರಿನಷ್ಟೇ ಮುಖ್ಯವಾದ ಸಾಮಾನು. ಹಿಂದಕ್ಕೆ ಹೋಗೋಣವೆಂದರೆ ಕಾರ್ಖಾನೆಗೂ ನಮಗೂ ನಡುವೆ ಇಡೀ ಮೆರವಣಿಗೆ. ಮುಂದಕ್ಕೆ ಹೀಗೇ ಹೋದರೆ ಹೋಟೆಲು ಮುಟ್ಟುವಷ್ಟರಲ್ಲಿ ಬಾದಾಮಿ ಪಾಯಸ. ಬದಿಯ ಕಲ್ಲಿನ ಮೇಲೆ ಕುಳಿತೆ. ಅಳು ಬಂತು, ಅತ್ತೆ. ಮೊದಲ ನೌಕರಿ, ಅದು ಚೆಂಡುಹೂವಿಗೆ ಸಿಕ್ಕಿ ಹೋಗುತ್ತಿತ್ತು.

ಮನುಷ್ಯರ ಕೈ, ಮನುಷ್ಯರ ಕೈ ಎಂದು ಅವನ ಮಾತನ್ನೇ ಮನಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಹೇಳಿಕೊಳ್ಳುತ್ತಿದ್ದಾಗ ತಟ್ಟನೆ ಹೊಳೆಯಿತು. ನಮ್ಮ ಮನೆ ಇರುವುದು ವಿದ್ಯಾರಣ್ಯಪುರಂನಲ್ಲೇ. ಹಬ್ಬದ ದಿನಗಳಲ್ಲಿ ಒಂದು ಮಠದ ಆನೆ ನಮ್ಮ ಬೀದಿಗಳಿಗೆ ಬಂದು, ಬಾಳೆಹಣ್ಣು ತಿಂದು, ಸೊಂಡಿಲಿಂದ ತಲೆ ಮುಟ್ಟಿ ಹರಸಿ ಹೋಗುತ್ತಿತ್ತು. ಬಿಸಿಲೇರಿದರೆ ಕಲ್ಯಾಣ ಮಂಟಪದ ಪಕ್ಕದ ಹೊಂಗೆ ಮರದಡಿ, ನೀರಿನ ತೊಟ್ಟಿಯ ಹತ್ತಿರ ನಿಲ್ಲುತ್ತಿತ್ತು.

“ಆನೆ ಮುಟ್ಟಬಹುದಲ್ಲ?” ಎಂದು ಕೇಳಿದೆ.

ಡ್ರೈವರ್ ಮೂಗು ಒರೆಸಿಕೊಂಡು ಆಲೋಚಿಸಿದ. ಅವನೂ ಬದುಕಿಕೊಳ್ಳುವ ದಾರಿಯನ್ನೇ ಹುಡುಕುತ್ತಿದ್ದನೆಂದು ಕಾಣುತ್ತದೆ. “ಗಣಪತಿ ಬಂದು ತಿಂದ್ರೆ ಬ್ಯಾಡ ಅನ್ನಕ್ಕೆ ನಾನ್ಯಾರು ಮೇಡಂ” ಎಂದು ಲಾರಿ ಹತ್ತಿದ.

ಹೋಟೆಲಿನ ದಾರಿ ಬಿಟ್ಟು ಆನೆಯ ದಾರಿ ಹಿಡಿದೆವು. ನನ್ನ ಪುಣ್ಯ, ಅದು ಹೊಂಗೆ ಮರದ ಕೆಳಗೇ ಇತ್ತು. ಮಾವುತ ತೊಟ್ಟಿಯ ಕಟ್ಟೆಯ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಿದ್ದ. ಲಾರಿ ತಂದು ಆನೆಯ ಮುಂದೆ ನಿಲ್ಲಿಸಿ, ಇದರ ಹಣೆಯ ಮೇಲಿನದನ್ನೆಲ್ಲ ನಿಮ್ಮ ಆನೆ ತಿಂದುಕೊಡಬೇಕು ಎಂದು ಕೇಳಿಕೊಂಡೆ. ಅವನು ನನ್ನನ್ನೂ ಲಾರಿಯ ಮೈಮೇಲೆ ಬರೆದಿದ್ದ ಐಸ್‌ಕ್ರೀಂ ಚಿತ್ರವನ್ನೂ ನೋಡಿದ. ತಿನ್ನಿಸ್ತೀನಿ, ನಮಗೂ ಒಂದೊಂದು ಕೊಡಿ ಎಂದ. ನ್ಯಾಯವಾದ ಕೂಲಿ. ಆದರೆ ಬಾಗಿಲು ತೆರೆಯುವಂತಿರಲಿಲ್ಲ. ಯಂತ್ರ ನಿಂತಿರುವಾಗ ಒಳಗಿನ ತಂಪೇ ನಮ್ಮ ಆಸ್ತಿ, ಒಮ್ಮೆ ತೆರೆದರೆ ಅರ್ಧ ಹೊರಟುಹೋಗುತ್ತದೆ. ತುಂಬಿದ ಐಸ್‌ಕ್ರೀಂ ಲಾರಿಯ ಪಕ್ಕ ನಿಂತು, ಐಸ್‌ಕ್ರೀಂ ಈಗ ಇಲ್ಲಪ್ಪ, ನಾಳೆ ತಂದುಕೊಡುತ್ತೇನೆ ಎಂದೆ. ನನ್ನಂಥ ಜಿಪುಣಿಯನ್ನು ಅವನು ನೋಡಿರಲಿಕ್ಕಿಲ್ಲ. ನನ್ನ ಅತ್ತ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಎದ್ದ.

ಫ್ಯಾನು ಮತ್ತೆ ತಿರುಗಿ ಸೊಂಡಿಲಿಗೆ ಪೆಟ್ಟಾಗಬಾರದೆಂದು ಯಂತ್ರದ ಮುಖ್ಯ ಸ್ವಿಚ್ಚನ್ನೇ ಆಫ್ ಮಾಡಿದೆ. ಆನೆ ಮೊದಲು ಎಡಗಡೆಯ ಬಾಳೆಕಂದನ್ನು ಎಳೆದು, ಕಾಲಲ್ಲಿ ಮೆಟ್ಟಿ ಸೀಳಿ, ನಿಧಾನವಾಗಿ ಜಗಿಯಿತು. ಅದಕ್ಕೆ ನಮ್ಮ ಅವಸರ ಗೊತ್ತಿರಲಿಲ್ಲ. ಆಮೇಲೆ ಬಲಗಡೆಯದು. ಹಾರದ ಸರದಿ ಬಂದಾಗ ಮೂಸಿ ನೋಡಿ ಬೇಡವೆಂದಿತು. ಮಾವುತ ಏನೋ ಅಂದ, ಆನೆ ಬೇಸರದಿಂದಲೇ ಎರಡೂ ಹಾರಗಳನ್ನು ಒಟ್ಟಿಗೆ ಕಿತ್ತು ನೆಲಕ್ಕೆ ಹಾಕಿತು. ಡ್ರೈವರ್ ಚಪ್ಪಲಿ ಕಳಚಿ ಕೈಮುಗಿದು ನಿಂತಿದ್ದ.

ಹಾರ ಹೋದರೂ ಜಾಲರಿಯ ತುಂಬ ಎಸಳು ಮೆತ್ತಿತ್ತು. ಅದಕ್ಕೂ ಕೈ ಹಚ್ಚುವಂತಿಲ್ಲವೆಂದು ಡ್ರೈವರ್ ಹಟ ಹಿಡಿದ. ಮಾವುತ ನಕ್ಕು ಆನೆಯನ್ನು ತೊಟ್ಟಿಯ ಕಡೆ ತಿರುಗಿಸಿದ. ಅದು ಸೊಂಡಿಲ ತುಂಬ ನೀರೆಳೆದು ಲಾರಿಯ ಹಣೆಗೆ ಬಾರಿಸಿತು. ಇನ್ನೊಮ್ಮೆ. ಮತ್ತೊಮ್ಮೆ. ಎಸಳೆಲ್ಲ ಕೊಚ್ಚಿಹೋಯಿತು. ನಾಲ್ಕನೆಯದನ್ನು ತನ್ನ ಇಷ್ಟದಂತೆ ನನ್ನ ಮೇಲೆ ಹಾಕಿತು.

ಒತ್ತಡ ಇಳಿಯುವವರೆಗೆ ಕಾದು, ರೀಸೆಟ್ ಗುಂಡಿ ಒತ್ತಿ, ಸ್ವಿಚ್ಚು ಹಾಕಿದೆ. ಒಮ್ಮೆ ಕೆಮ್ಮಿತು, ಮತ್ತೆ ಕೆಮ್ಮಿತು, ಆಮೇಲೆ ಗುರ್ರೆಂದು ಹಿಡಿದುಕೊಂಡಿತು. ತೊಳೆದ ಜಾಲರಿಯಲ್ಲಿ ಗಾಳಿ ಸರಾಗವಾಗಿ ನುಗ್ಗುವ ಸದ್ದು ನನಗೆ ಅಂದು ನಾಗಸ್ವರಕ್ಕಿಂತ ಹಿತವಾಗಿ ಕೇಳಿಸಿತು. ಡ್ರೈವರ್ ಒಮ್ಮೆ ಬಾಗಿಲು ತೆಗೆದು ಒಳಗೆ ನೋಡಿಬಿಡೋಣ ಎಂದ. ಬೇಡವೆಂದೆ. ಗಾಜು ತೋರಿಸುವುದು ಪೆಟ್ಟಿಗೆಯೊಳಗಿನ ಗಾಳಿಯನ್ನು. ಗಾಳಿ ಬೇಗ ಬೆಚ್ಚಗಾಗುತ್ತದೆ, ಕಲ್ಲಿನಂತೆ ಗಟ್ಟಿಯಾದ ಐಸ್‌ಕ್ರೀಮಿನ ಹೊಟ್ಟೆ ಅಷ್ಟು ಬೇಗ ಬೆಚ್ಚಗಾಗುವುದಿಲ್ಲ. ಇದು ಪುಸ್ತಕದಲ್ಲಿತ್ತು. ಪುಸ್ತಕ ಸುಳ್ಳಾದರೆ ಹೋಟೆಲಿನಲ್ಲಿ ಗೊತ್ತಾಗುತ್ತದೆ ಎಂದು ಹೊರಟೆವು. ದಾರಿಯಲ್ಲಿ ಅವನು ಅಂಕಿಗಳನ್ನು ಹೊಸ ರೀತಿಯಲ್ಲಿ ಓದಿದ. “ಹನ್ನೆರಡು, ಗೆರೆ ಐತೆ. ಹದಿನಾಲ್ಕು, ಗೆರೆ ಐತೆ.”

ಹೋಟೆಲಿನ ಉಗ್ರಾಣದ ಅಧಿಕಾರಿ ಇಸ್ತ್ರಿ ಹಾಕಿದ ಮನುಷ್ಯ. ಒದ್ದೆ ಸೀರೆಯ ನನ್ನನ್ನು ನೋಡಿ ಏನೂ ಕೇಳಲಿಲ್ಲ, ಆನೆ ಎರಚಿದ ನೀರಿನೊಡನೆ ಬಂದು ಲಾರಿಯ ಹಣೆಯಲ್ಲಿ ಸಿಕ್ಕಿಕೊಂಡಿದ್ದ ಒಂದೆರಡು ಹುಲ್ಲುಕಡ್ಡಿಯನ್ನು ನೋಡಿ ಮಾತ್ರ ಹುಬ್ಬೇರಿಸಿದ. ಬಾಗಿಲು ತೆರೆಸಿ, ಬೇಕೆಂದೇ ಬಾಗಿಲ ಪಕ್ಕದ ಮೇಲಿನ ಸಾಲಿನ ಡಬ್ಬಿ ಕೇಳಿದ. ಸೆಕೆ ಮೊದಲು ತಾಗುವುದೇ ಅಲ್ಲಿ. ಕೆಲಸ ಬಲ್ಲವನು ಎಂದು ಗೌರವವೂ ಹುಟ್ಟಿತು, ಸಿಟ್ಟೂ ಬಂತು.

ಥರ್ಮಾಮೀಟರಿನ ಮೊನೆ ಮಾವಿನ ಐಸ್‌ಕ್ರೀಮಿಗೆ ಇಳಿಯಿತು. ಮುಳ್ಳು ಸೊನ್ನೆ ದಾಟಿ ಮೈನಸ್ ಹತ್ತಕ್ಕೆ ಬಂದು ಉಸಿರು ತೆಗೆದುಕೊಂಡಿತು. ಹನ್ನೆರಡು. ಹದಿಮೂರು. ಅಲ್ಲಿ ನಿಂತುಬಿಟ್ಟಿತು. ಡ್ರೈವರ್ ನನ್ನ ಕಿವಿಯಲ್ಲಿ, “ಇನ್ನೂ ಜಾಸ್ತಿ ಆಗ್ಬೇಕಾ, ಕಮ್ಮಿ ಆಗ್ಬೇಕಾ?” ಎಂದು ಪಿಸುಗುಟ್ಟಿದ. ಅಧಿಕಾರಿ ಗಾಜಿಗೆ ಬೆರಳಲ್ಲಿ ಟಕ್ಕೆಂದು ತಟ್ಟಿದ. ಮುಳ್ಳು ಎಚ್ಚೆತ್ತು ಹದಿನೈದು ದಾಟಿ ಹದಿನಾರಕ್ಕೆ ಹೋಗಿ ಕುಳಿತಿತು. ಇಳಿಸಿ ಎಂದ. ಹೊರಡುವಾಗ, ಮುಂದಿನ ವಾರ ಇನ್ನಷ್ಟು ಬಾದಾಮಿ ಕಳಿಸಿ, ಹುಲ್ಲು ಬೇಡ ಎಂದ.

ಪಂಜಿನ ಕವಾಯತಿನ ಗದ್ದಲದಲ್ಲಿ ಅಂದು ಬನ್ನಿಮಂಟಪಕ್ಕೆ ಲಾರಿ ಒಯ್ಯುವಂತಿರಲಿಲ್ಲ. ಡ್ರೈವರ್ ತನ್ನ ಹಳ್ಳಿಯಲ್ಲೇ ಲಾರಿ ನಿಲ್ಲಿಸಿಕೊಂಡ, ನಾನು ಬಸ್ಸು ಹಿಡಿದು ಮನೆ ಸೇರಿದೆ. ಬೆಳಗ್ಗೆ ಇಬ್ಬರೂ ಲಾರಿಯಲ್ಲಿ ಗೇಟಿನೊಳಗೆ ಬಂದಾಗ ಅಮ್ಮನವರು ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಬೋಳು ಹಣೆಯನ್ನು ನೋಡಿದರು. ಡ್ರೈವರ್ ಇಳಿದವನೇ ಉಸಿರುಬಿಡದೆ ಆನೆಯ ಕಥೆ ಹೇಳಿದ. ಅವನ ಕಥೆಯಲ್ಲಿ ಆನೆ ತಾನಾಗಿಯೇ ಎದುರು ಬಂದು ದಾರಿ ಅಡ್ಡಗಟ್ಟಿತ್ತು. ಅಮ್ಮನವರು ಪೂರ್ತಿ ಕೇಳಿ, ಒಳ್ಳೇದಾಯ್ತು ಬಿಡು ಎಂದಷ್ಟೇ ಅಂದರು.

ನಾನು ಗೆದ್ದವಳ ಹಾಗೆ ಆಫೀಸಿಗೆ ನುಗ್ಗಿದೆ. ಲೋಡು ಒಪ್ಪಿಕೊಂಡರು ಸಾರ್, ಮೈನಸ್ ಹದಿನಾರು ಬಂತು, ಇನ್ನು ಗಾಡಿ ಕೊಡಲ್ಲ ಅಂತ ಆ ವ್ಯಾಪಾರಿಗೆ ಹೇಳಿಬಿಡಿ ಎಂದೆ. ಯಜಮಾನರು ಸಂತೋಷಪಟ್ಟರು, ಆದರೆ ಮುಖದಲ್ಲಿ ಏನೋ ಸಂಕೋಚ.

“ಅವನಿಗೆ ಆಯುಧಪೂಜೆ ಸಾಯಂಕಾಲವೇ ಇಲ್ಲ ಅಂದ್ಬುಟ್ಟೆ ಕಣಮ್ಮ. ಅಮ್ಮ ಕೈಯಾರೆ ಪೂಜೆ ಮಾಡಿದ ಗಾಡೀನ ಬೇರೆಯೋರ ಮನೆಗೆ ಕಳಿಸೋಕಾಗುತ್ತಾ? ನಿಮಗೆ ಹೇಳೋದು ಮರೆತೇಹೋಯ್ತು.”

ನಾನು ಕಲ್ಲಿನ ಮೇಲೆ ಕುಳಿತು ಅತ್ತಾಗ, ಆನೆಯ ಮುಂದೆ ಕೈಜೋಡಿಸಿದಾಗ, ಮುಳ್ಳು ಹದಿಮೂರರಲ್ಲಿ ನಿಂತಾಗ, ಎಲ್ಲ ಹೊತ್ತಿನಲ್ಲೂ ಲಾರಿ ನಮ್ಮದೇ ಆಗಿತ್ತು. ಸಿಟ್ಟು ಬರಬೇಕಿತ್ತು, ನಗು ಬಂತು. ನಗುತ್ತಲೇ ಹೊರಗೆ ಬಂದೆ. ಅಮ್ಮನವರು ಕೈಸನ್ನೆ ಮಾಡಿ ಹತ್ತಿರ ಕರೆದರು. ಮಗ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

“ಆ ಮೀನಿನೋನ ಹತ್ರ ಇವನು ಗಾಡಿ ವಾಪಸ್ ಕೊಡೋ ವಿಷಯ ಫೋನಲ್ಲಿ ಮಾತಾಡಿದ್ದು ನಂಗೂ ಕೇಳಿಸ್ತು ಕಣಮ್ಮ. ಇಲ್ದಿದ್ರೆ ಐಸ್‌ಕ್ರೀಂ ಗಾಡಿಗೆ ಅಷ್ಟು ದಪ್ಪದ ಹಾರ ಯಾರು ಹಾಕಿಸ್ತಾರೆ?”